ಮೂರು ಸಲ ತಿಳಿ ಹೇಳಲಾಗಿದೆ

ನಮ್ಮ ಪಟ್ಟಣ ಪಂಚಾಯಿತಿಗೆ ನಾನು ಅಧ್ಯಕ್ಷೆಯಾದ ಮೊದಲ ತಿಂಗಳಲ್ಲೇ ಎರಡು ದಿನದ ತರಬೇತಿಗೆ ಕಳಿಸಿದ್ದರು. ಕೈಕೆಳಗಿನವರಿಗೆ ಅವರ ತಪ್ಪನ್ನು ಹೇಗೆ ಹೇಳಬೇಕು ಎಂಬುದೇ ಅಲ್ಲಿನ ಪಾಠ. ಮೊದಲು ಒಳ್ಳೆಯದನ್ನು ಹೇಳಿ, ನಡುವೆ ತಪ್ಪನ್ನು ಹೇಳಿ, ಕೊನೆಗೆ ಧೈರ್ಯ ತುಂಬಿ ಕಳಿಸಿ ಎಂದರು. ಮೂರು ಮಕ್ಕಳನ್ನು ಸಾಕಿದವಳಿಗೆ ಇದೇನು ಹೊಸದಲ್ಲ ಅಂದುಕೊಂಡೆ. ಮನೆಗೆ ಬಂದು ಹೇಳಿದಾಗ ದೊಡ್ಡ ಮಗಳು ಬಟ್ಟೆ ಮಡಚುತ್ತಲೇ ನಕ್ಕಳು.

"ಅಮ್ಮಾ, ನೀನು ಬೈದಿದ್ದೀಯ ಅಂತ ಗೊತ್ತಾಗೋಕೇ ನಮಗೆ ಎರಡು ದಿನ ಬೇಕು. ನಿನಗೆ ಬೇಕಿದ್ದಿದ್ದು ಬೇರೆ ತರಬೇತಿ."

ನಾನೂ ನಕ್ಕುಬಿಟ್ಟೆ.

ನಮ್ಮಲ್ಲಿ ಬೀದಿ ಬೀದಿಗೆ ನಲ್ಲಿ ನೀರು ಬಿಡುವ ನೀರುಗಂಟಿ ಒಬ್ಬನಿದ್ದಾನೆ. ಹದಿನಾಲ್ಕು ವರ್ಷದಿಂದ ಅದೇ ಕೆಲಸ, ಆದರೂ ಗುತ್ತಿಗೆಯವನು. ಪ್ರತಿ ವರ್ಷ ಸಭೆ ಒಪ್ಪಿದರೆ ಮಾತ್ರ ಮುಂದುವರಿಕೆ. ಅವನ ಕ್ರಮವೇ ಬೇರೆ. ಗಡಿಯಾರ ನೋಡುವವನಲ್ಲ. ಬೀದಿಯ ಕೊನೆ ಮನೆಯವರು "ಸಾಕು" ಎಂದು ಕೂಗಿದ ಮೇಲೆಯೇ ವಾಲ್ವ್ ಮುಚ್ಚುವುದು. ಮೇಲಿನ ಬೀದಿಯ ಕೊನೆ ಮನೆಯಲ್ಲಿ ಒಬ್ಬ ಅಜ್ಜಿ. ಒಂದೊಂದು ಬಿಂದಿಗೆಯನ್ನೂ ಉಜ್ಜಿ ತೊಳೆದು, ತುಂಬಿಸಿ, ಒಳಗಿಟ್ಟು ಬಂದು, ಮುಂದಿನದಕ್ಕೆ ಕೈ ಹಾಕುವವಳು. ಅವಳು "ಸಾಕಪ್ಪಾ" ಅನ್ನುವ ತನಕ ಇವನು ಮೋರಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಅಷ್ಟರಲ್ಲಿ ಟ್ಯಾಂಕು ಖಾಲಿಯಾಗುತ್ತ ಬಂದು, ಕೆಳಗಿನ ಬೀದಿಯ ನಲ್ಲಿಗಳಲ್ಲಿ ನೂಲಿನಂತೆ ನೀರು.

ಕೆಳಗಿನ ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದೇ ನನ್ನ ಕೊಠಡಿಗೆ ಬಂದರು. ನಾನು ನೀರುಗಂಟಿಯನ್ನು ಕರೆಸಿದೆ.

"ನೋಡಪ್ಪಾ, ನಿನ್ನಂಥ ಕೆಲಸಗಾರ ಈ ಕಚೇರೀಲಿ ಇನ್ನೊಬ್ಬ ಇಲ್ಲ. ಆ ಅಜ್ಜಿ ನಿನ್ನ ಎಷ್ಟು ಹರಸ್ತಾರೆ ಗೊತ್ತಾ? ಕೆಳಗಿನ ಬೀದಿ ಕಡೆಗೂ ಸ್ವಲ್ಪ ಗಮನ ಇರಲಿ. ಅದೇನು ದೊಡ್ಡದಲ್ಲ, ನಿನಗೆ ನಾನು ಹೇಳೋದು ಬೇಕಾ? ನೀನಿದ್ದೀಯ ಅಂತ ನಾನು ನಿಶ್ಚಿಂತೆಯಿಂದ ಇದ್ದೀನಿ."

"ನಿಮ್ಮ ಆಶೀರ್ವಾದ ಅಕ್ಕಾ," ಅಂದ. ಹೋಗುವಾಗ ಅವನ ನಡಿಗೆಯೇ ಹಗುರವಾಗಿತ್ತು.

ದೂರು ಬಂದರೆ ಏನು ಕ್ರಮ ಕೈಗೊಂಡಿರಿ ಎಂದು ವಹಿಯಲ್ಲಿ ಬರೆಯಬೇಕು. "ನೀರುಗಂಟಿಗೆ ತಿಳಿ ಹೇಳಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಮುಂದಿನ ತಿಂಗಳೂ ಅದೇ ದೂರು, ಅದೇ ಮಾತು, ಅದೇ ಸಾಲು. ಅದರ ಮುಂದಿನ ತಿಂಗಳೂ. ಮೂರು ಸಲ ತಿಳಿ ಹೇಳಿದರೂ ತಿದ್ದಿಕೊಳ್ಳದವನ ಗುತ್ತಿಗೆ ರದ್ದು ಎಂಬ ನಿಯಮ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಎಷ್ಟು ಸಲ ಬರೆದೆ ಎಂದು ಲೆಕ್ಕ ಇಟ್ಟಿರಲಿಲ್ಲ, ಅಷ್ಟೆ.

ನಾಲ್ಕನೇ ತಿಂಗಳ ಸಭೆಯಲ್ಲಿ ಮುಖ್ಯಾಧಿಕಾರಿ ವಹಿ ತೆರೆದು ಆ ಮೂರು ಸಾಲುಗಳನ್ನೂ ಓದಿದರು. ನೀರುಗಂಟಿಯನ್ನು ಒಳಗೆ ಕರೆಸಿದರು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಅವನ ಕೈಯಲ್ಲೇ ಇತ್ತು.

"ಮೂರು ಸಲ ಹೇಳಿದ್ರೂ ಕೇಳಿಲ್ವಂತಲ್ಲ, ಏನಯ್ಯಾ?"

"ಯಾರು ಹೇಳಿದ್ರು ಸಾರ್?"

"ಅಧ್ಯಕ್ಷರೇ ಹೇಳಿದ್ದಾರೆ."

ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಇವರೇನೋ ತಪ್ಪು ತಿಳಿದಿದ್ದಾರೆ, ನೀವೇ ಸರಿಪಡಿಸಿ ಅನ್ನುವಂತಿತ್ತು. "ಅಕ್ಕಾ, ನೀವು ನನ್ನ ಹೊಗಳಿದ್ರಲ್ವಾ? ಮೂರು ಸಲಾನೂ ಮನೆಗೆ ಹೋಗಿ ಹೆಂಡ್ತಿಗೆ ಹೇಳ್ಕೊಂಡೆ."

ಸಭೆ ಗೊಳ್ಳೆಂದಿತು. "ಹೊಗಳಿದ್ರಂತೆ! ಮೊದಲು ಕಿವಿ ತೋರಿಸ್ಕೊಂಡು ಬಾರಯ್ಯಾ," ಅಂದರು ಸದಸ್ಯರೊಬ್ಬರು.

ನಾನು ವಹಿಯಲ್ಲಿದ್ದ ನನ್ನ ಸಹಿಯತ್ತ ನೋಡಿದೆ. ಮುಖ್ಯಾಧಿಕಾರಿ ಗುತ್ತಿಗೆ ರದ್ದು ಮಾಡುವ ನಿರ್ಣಯ ಓದಿದರು. ಒಂದೊಂದಾಗಿ ಕೈಗಳು ಮೇಲೆದ್ದವು. ಅವನು ಆ ಕೈಗಳನ್ನು ನೋಡಿದ, ಆಮೇಲೆ ಕೀಲಿಯನ್ನು ಯಾರಿಗೆ ಒಪ್ಪಿಸಬೇಕು ಎಂದು ಸುತ್ತ ನೋಡಿದ. ಆಗ ಬಾಯಿ ಬಿಟ್ಟೆ.

"ನಿಲ್ಲಿಸಿ. ನಾನು ಅವನಿಗೆ ಹೇಳಿಲ್ಲ."

ಮುಖ್ಯಾಧಿಕಾರಿ ನನ್ನ ಕಡೆ ಬಾಗಿದರು. "ಮೇಡಂ, ಸಹಿ ನಿಮ್ಮದು. ಹೇಳದೇ ಇದ್ದದ್ದನ್ನ ಹೇಳಿದ್ದೀನಿ ಅಂತ ಬರೆದ್ರಿ ಅಂತ ನಡಾವಳೀಲಿ ಬರುತ್ತೆ."

"ಬರಲಿ. ಕರೆದೆ, ಮಾತಾಡಿಸಿದೆ, ಕಳಿಸಿದೆ. ತಪ್ಪೇನು ಅಂತ ಹೇಳಲಿಲ್ಲ."

ಕೆಳಗಿನ ಬೀದಿಯ ಸದಸ್ಯೆ ಎದ್ದು ನಿಂತಳು. "ಹಾಗಾದ್ರೆ ನಮ್ಮ ಬೀದಿಯವರು ಮೂರು ತಿಂಗಳು ಕೊಡ ಹಿಡ್ಕೊಂಡು ಕೂತಿದ್ದು ಯಾರಿಂದ ಅಕ್ಕಾ?"

"ನನ್ನಿಂದ."

ಆ ಮೂರು ಸಾಲುಗಳನ್ನು ಹೊಡೆದುಹಾಕಿ, ಅವನಿಗೆ ಒಂದು ತಿಂಗಳ ಅವಕಾಶ ಕೊಟ್ಟರು. ನನ್ನಿಂದ ಲಿಖಿತ ವಿವರಣೆ ಕೇಳಿದರು.

ಹೊರಗೆ ಮೆಟ್ಟಿಲ ಬಳಿ ಅವನನ್ನು ನಿಲ್ಲಿಸಿಕೊಂಡು ಹೇಳಿದೆ. "ಬೀದಿಗೆ ನಲವತ್ತು ನಿಮಿಷ. ಸಾಕು ಅಂದ್ರೂ ಸರಿ, ಅನ್ನದಿದ್ರೂ ಸರಿ, ವಾಲ್ವ್ ಮುಚ್ಚು. ನೀನು ಮುಚ್ಚದೇ ಇದ್ದಿದ್ದಕ್ಕೇ ಕೆಳಗಿನ ಬೀದಿಗೆ ನೀರಿಲ್ಲ. ಈ ತಿಂಗಳೂ ಹಾಗೇ ಆದ್ರೆ ಕೆಲಸ ಹೋಗುತ್ತೆ."

ನೀನು ಒಳ್ಳೆಯವನಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಇಷ್ಟೇನಾ? ಅವತ್ತೇ ಹೇಳಿದ್ರೆ ಅವತ್ತೇ ಮುಚ್ತಿದ್ದೆ," ಅಂದ. ಕೀಲಿಯ ತುಕ್ಕನ್ನು ಉಗುರಿನಿಂದ ಕೆರೆದ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ನೀವು ನನ್ನ ಕೆಲಸ ಚೆನ್ನಾಗಿದೆ ಅಂದ್ರೆ ನನಗೆ ಭಯ ಆಗುತ್ತೆ."

ತಮಾಷೆಗೆ ಹೇಳಿದ್ದಲ್ಲ.

"ಅಜ್ಜಿಗೆ ಯಾರು ಹೇಳೋದು?" ಎಂದು ಕೇಳಿದ. "ನನ್ನ ಕೈಲಂತೂ ಆಗಲ್ಲ."

ಮರುದಿನ ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಿಟ್ಟು ಮೇಲಿನ ಬೀದಿಗೆ ಹೋದೆ. ಅಜ್ಜಿ ಬಿಂದಿಗೆ ಉಜ್ಜುತ್ತಿದ್ದಳು. "ಬಾ ಮಗಳೇ, ಕೂತ್ಕೋ," ಅಂದಳು. ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆ.

"ಅಜ್ಜೀ, ಇನ್ಮೇಲೆ ನೀರು ನಲವತ್ತೇ ನಿಮಿಷ. ನಿಮ್ಮ ಬಿಂದಿಗೆ ತುಂಬದಿದ್ರೂ ನಿಲ್ಲುತ್ತೆ. ತೊಳೆಯೋದನ್ನ ಹಿಂದಿನ ದಿನವೇ ಮುಗಿಸಿಡಿ."

ಅವಳು ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಓಟು ಕೇಳೋಕೆ ಬಂದಾಗ ಇಷ್ಟು ನೆಟ್ಟಗೆ ಮಾತಾಡಿರಲಿಲ್ಲ ನೀನು."

"ಇಲ್ಲ ಅಜ್ಜೀ," ಅಂದೆ.

ಅವಳು ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟಳು. ಅದು ಅರ್ಧ ತುಂಬುವಷ್ಟರಲ್ಲಿ ನಲ್ಲಿ ಒಮ್ಮೆ ಕೆಮ್ಮಿ ನಿಂತಿತು. ಕೀಲಿಯನ್ನು ಹೆಗಲಿಗೇರಿಸಿಕೊಂಡು ನೀರುಗಂಟಿ ಆಗಲೇ ಕೆಳಗಿನ ಬೀದಿಯತ್ತ ಇಳಿಯುತ್ತಿದ್ದ. ನನ್ನ ಕಡೆ ತಿರುಗಿ ನೋಡಲಿಲ್ಲ.