ಆಲ್ಬಿಯ ಕೈ ತುಂಡಾಗದಂತೆ

ಲಾನ್ಸೆಸ್ಟನ್ ಊರಿನ ನಮ್ಮ ಕಿವುಡರ ಕ್ಲಬ್ಬಿನಲ್ಲಿ ಅಂದು ಮರ್ಲ್ ಪ್ಯಾಸ್ಕೋಳ ಎಂಬತ್ತನೆಯ ಹುಟ್ಟುಹಬ್ಬ. ಗಂಡ ಆಲ್ಬಿ ತೀರಿಕೊಂಡು ವರ್ಷವಾಗಿತ್ತು. ಅವನು ಹೇಳಿದ ಕಥೆಯೊಂದನ್ನು, ಕ್ಲಬ್ಬಿನ ಕಂಪ್ಯೂಟರ್ ನೋಡಿಕೊಳ್ಳುವ ಕೆರಿನ್ ಟಕ್‌ವೆಲ್ ಹಿಂದೆಯೇ ವಿಡಿಯೊ ಮಾಡಿಟ್ಟಿದ್ದಳು. ಮರ್ಲ್ ಅದನ್ನು ನೋಡಿರಲಿಲ್ಲ. ಅಂದು ಗೋಡೆಯ ದೊಡ್ಡ ಟಿವಿಯಲ್ಲಿ ತೋರಿಸುವುದೆಂದಾಗಿತ್ತು.

ಟಿವಿಯಲ್ಲಿ ಆಲ್ಬಿ ಬಂದ, ಕೈ ಎತ್ತಿದ. ಎತ್ತಿದ ಕೈ ಮಣಿಕಟ್ಟಿನ ಹತ್ತಿರ ಅಡ್ಡಕ್ಕೆ ಸೀಳಿತು; ಬೆರಳುಗಳು ಒಂದು ಕಡೆ, ತೋಳು ಇನ್ನೊಂದು ಕಡೆ. ಕಿವಿ ಕೇಳುವವರಿಗೆ ಇದು ಸಣ್ಣ ಕಿರಿಕಿರಿ. ನಮಗೆ ಕೈಯೇ ಮಾತು.

“ಏನಂದ ಅವ್ನು?” ಮರ್ಲಳ ಕೈ ಕೇಳಿತು. “ಒಂದಕ್ಷರ ಅರ್ಥ ಆಗ್ಲಿಲ್ಲ.”

ಕಾರ್ಯದರ್ಶಿ ಕ್ಲೈವ್ ಎದ್ದುನಿಂತ. “ಪುಕ್ಕಟೆ ಅಂತ ಕ್ಲಬ್ಬಿನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ಯಲ್ಲ ಕೆರಿನ್, ಅನುಭವಿಸು!”

“ಕೈಯಲ್ಲಿ ಸಾಸೇಜ್ ರೋಲ್ ಇಟ್ಕೊಂಡು ಮಾತಾಡ್ಬೇಡ ಕ್ಲೈವ್. ತೊದಲ್ತೀಯ,” ಎಂದಳು ಕೆರಿನ್.

ಕೆರಿನ್ ವಿಡಿಯೊವನ್ನು ಲ್ಯಾಪ್‌ಟಾಪಿನ ಪರದೆಯಲ್ಲೇ ಓಡಿಸಿ ನೋಡಿದಳು. ಅಲ್ಲಿ ಕೈ ಇಡಿಯಾಗಿಯೇ ಇತ್ತು. “ವಿಡಿಯೊ ಸರಿ ಇದೆ. ಟಿವಿಗೆ ಕಳಿಸೋದ್ರಲ್ಲೇ ಎಡವಟ್ಟು.” ವಿಡಿಯೊ ಓಡಿಸುವ ತಂತ್ರಾಂಶದಲ್ಲಿ ಏನನ್ನೋ ಬದಲಿಸಿದಳು. ಸೀಳು ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು.

“ಆಪರೇಷನ್ ಮುಂದುವರೀತಾ ಇದೆ!” ಎಂದ ಕ್ಲೈವ್. ಎಲ್ಲರೂ ನಕ್ಕರು. ಕೆರಿನ್‌ಗೂ ನಗು ಬಂತು. ಮರ್ಲ್ ಮಾತ್ರ ನಗಲಿಲ್ಲ. ಕೆರಿನ್ ಅವಳ ಪಕ್ಕ ಬಂದು ಮಂಡಿಯೂರಿ ಕೂತಳು.

“ಟಿವಿ ಒಂದೊಂದೇ ಚಿತ್ರಾನ ಮೇಲಿಂದ ಕೆಳಗೆ ಬರೀತಾ ಹೋಗುತ್ತೆ. ಅದು ಮುಗಿಸೋಕೆ ಮುಂಚೇನೇ ಕಂಪ್ಯೂಟರ್ ಮುಂದಿನ ಚಿತ್ರ ತುರುಕ್ತಿದೆ. ಅದಕ್ಕೇ ಮೇಲೆ ಹಳೇ ಕೈ, ಕೆಳಗೆ ಹೊಸ ಕೈ.”

“ನಾನೂ ಆಲ್ಬೀನೂ ಮಾತಾಡ್ತಿದ್ದ ಹಾಗೆ,” ಎಂದಳು ಮರ್ಲ್. “ಕಾಯೋದು ಕಲಿಸು ಅದಕ್ಕೆ.”

“ಅದನ್ನೇ ಮಾಡ್ತೀನಿ. ನಿಮ್ಮ ಟೀ ಆರೋದ್ರೊಳಗೆ ಆಗುತ್ತೆ, ನೋಡ್ತಿರಿ.”

ಕೆರಿನ್ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಒಂದೇ ಸಾಲು ಬರೆದಳು. ಟಿವಿಯ ಸಂಪರ್ಕಕ್ಕೆ, ಚಿತ್ರ ಸೀಳದಂತೆ ತಡೆಯುವ ‘ಟೇರ್‌ಫ್ರೀ’ ಆಯ್ಕೆ ಜಾರಿಯಾಯಿತು. ಇನ್ನು ಒಂದು ಚಿತ್ರ ಪೂರ್ತಿಯಾಗದೆ ಮುಂದಿನದು ಬರುವಂತಿಲ್ಲ. ಪರದೆ ಕಪ್ಪಾಯಿತು. ಕ್ಲೈವ್ ಇನ್ನೇನು ಚುಚ್ಚಿ ಮಾತಾಡಲು ಕೈ ಎತ್ತಬೇಕು, ಅಷ್ಟರಲ್ಲಿ ಆಲ್ಬಿ ಬಂದ.

ಇಡಿಯಾಗಿ ಬಂದ. ಗಾಳಿಯ ಹಾಗೆ ಬೀಸುತ್ತಿದ್ದ ಆ ಕೈಗಳಲ್ಲಿ ಒಂದು ಗೆರೆಯೂ ಇರಲಿಲ್ಲ. “ಇದೇ ಹಾಲ್‌ನಲ್ಲಿ ಡಾನ್ಸ್ ಇತ್ತು. ನಾನೇ ಧೈರ್ಯ ಮಾಡಿ ಮರ್ಲ್ ಹತ್ರ ಹೋದೆ. ಕುಣಿಯೋಣ ಬಾ ಅಂದೆ. ಪಾಪ, ನಾಚ್ಕೊಂಡು ನೆಲ ನೋಡ್ತಾ ನಿಂತ್ಲು.”

ಮರ್ಲ್ ಧಡಕ್ಕನೆ ಎದ್ದಳು. “ಸುಳ್ಳು! ಕರೆದೋಳು ನಾನು! ಇವ್ನು ನೇತುಹಾಕಿದ್ದ ಕೋಟುಗಳ ಹಿಂದೆ ಅಡಗಿ ಕೂತಿದ್ದ!”

ಆಲ್ಬಿಯನ್ನು ನೋಡಬೇಕೋ ಮರ್ಲಳನ್ನೋ ತಿಳಿಯದೆ ಎಲ್ಲರೂ ಕತ್ತು ತಿರುಗಿಸತೊಡಗಿದರು. ಕೆರಿನ್ ವಿಡಿಯೊ ನಿಲ್ಲಿಸಿದಳು. ಮರ್ಲ್ ಟಿವಿಯ ಮುಂದೆ ಹೋಗಿ, ಆ ಸಂಜೆಯ ಕಥೆಯನ್ನು ತನ್ನ ಕೈಯಾರೆ ಮೊದಲಿನಿಂದ ಹೇಳಿದಳು. ಕೆರಿನ್ ಫೋನ್ ತೆಗೆದು ಅದನ್ನೂ ಚಿತ್ರಿಸಿಕೊಂಡಳು. ನಾವು ಚಪ್ಪಾಳೆಯ ಬದಲು ಮರದ ನೆಲ ನಡುಗುವಷ್ಟು ಕಾಲು ಬಡಿದೆವು.

ಮರ್ಲ್ ಕುರ್ಚಿಗೆ ಮರಳಿ ಕಣ್ಣೊರೆಸಿಕೊಂಡಳು.

“ಈಗ ಹಾಕೇ ಹುಡುಗಿ,” ಎಂದಳು. “ಇನ್ನೇನು ಬೊಗಳೆ ಬಿಡ್ತಾನೋ ನೋಡೋಣ.”