ಆರು ಜೋಲಿ, ಆರು ಕಲ್ಲು

ಜಗದಾಂಬಳಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನವನು ಕ್ಯಾನು ಇಳಿಸುವ ಮೊದಲೇ ನೀರು ಎಷ್ಟು ಬೆರೆಸಿದ್ದೀಯ ಎಂದು ಕೇಳುವವಳು. ದೇವಸ್ಥಾನದ ಪ್ರಸಾದವನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುವವಳು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಗಂಡ ಪರಮಶಿವಪ್ಪ ಎಲ್ಲಿಗೆ ಹೋಗಿದ್ದೆ ಎಂಬುದನ್ನು ಎರಡು ಸಲ ಹೇಳಬೇಕು. ಎರಡು ಸಲವೂ ಒಂದೇ ಉತ್ತರ ಬಂದರೆ ಮಾತ್ರ ತಟ್ಟೆಗೆ ರೊಟ್ಟಿ. ಇಂಥವಳ ಕೈಗೆ ಬಸವನಕೆರೆಯ ಆರು ತಾಯಂದಿರು ದಿನಾ ಕೂಸು ಕೊಟ್ಟು ಹೋಗುತ್ತಿದ್ದರು. ಅನುಮಾನದವಳ ಕೈಯಲ್ಲಿ ಕೂಸು ಜಾರಿ ಬೀಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅದು ಪಂಚಾಯ್ತಿಯ ಕೂಸಿನ ಮನೆ. ಕೂಲಿಗೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರ ತೆಗೆದದ್ದು. ಸರ್ಕಾರದ ಹೊತ್ತು ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆ. ಆದರೆ ಶುಂಠಿ ಹೊಲಕ್ಕೆ ಹೆಂಗಸರನ್ನು ಒಯ್ಯುವ ಗೂಡ್ಸ್ ಗಾಡಿ ಆರೂವರೆಗೇ ಬಂದು ಹಾರ್ನ್ ಹೊಡೆಯುತ್ತದೆ, ಎರಡಕ್ಕೆ ವಾಪಸು ತಂದು ಇಳಿಸುತ್ತದೆ. ಹತ್ತು ಗಂಟೆಗೆ ಬಾಗಿಲು ತೆಗೆದರೆ ಯಾರ ಉಪಕಾರಕ್ಕೆ? ಮೊದಲೆಲ್ಲ ಕೂಸುಗಳನ್ನು ಹೊಲದ ಬದುವಿನ ಮೇಲೆ ಮಲಗಿಸುತ್ತಿದ್ದರು. ಆ ತಾಯಂದಿರಲ್ಲಿ ಒಬ್ಬಳಾದ ರಕ್ಷಿತಾಳ ಮಗಳಿಗೆ ಕೆಂಜಿಗ ಮುತ್ತಿ ಮುಖವೆಲ್ಲ ಊದಿಕೊಂಡದ್ದನ್ನು ನೋಡಿದ ಮಾರನೆಯ ದಿನದಿಂದ ಜಗದಾಂಬ ಆರು ಗಂಟೆಗೇ ಬೀಗ ತೆಗೆಯತೊಡಗಿದಳು. ಎರಡೂವರೆಗೆ ಮುಚ್ಚುವಳು. ರಿಜಿಸ್ಟರಿನಲ್ಲಿ ಮಾತ್ರ ಹತ್ತರಿಂದ ಐದೂವರೆ ಎಂದೇ ಬರೆಯುವಳು. ಹೀಗೆ ಒಂದೂವರೆ ವರ್ಷ ನಡೆದಿತ್ತು.

ಸೋಮವಾರ ಮಧ್ಯಾಹ್ನ ಕೊಟ್ರೇಶ್ ಬೈಕು ನಿಲ್ಲಿಸಿ ಒಳಗೆ ಬಂದ. ಶಿಕಾರಿಪುರ ಕಡೆಯವನು, ಸುತ್ತಲಿನ ಕೂಸಿನ ಮನೆಗಳ ಉಸ್ತುವಾರಿ ಅವನದು. ಇಲ್ಲಿಯ ಹೊತ್ತು ಗೊತ್ತಿದ್ದೂ ಸುಮ್ಮನಿದ್ದವನು. ಮುಖ ಬಾಡಿತ್ತು.

"ಅಕ್ಕಾರ, ಗುರುವಾರ ಶಾಸಕರ ಸಮಿತಿ ಬರ್ತೈತ್ರಿ. ಸಾಲಿ, ತರಬೇತಿ, ಕೂಸಿನ ಮನಿ, ಇವಕ್ಕೆಲ್ಲ ಸರ್ಕಾರ ಕೊಟ್ಟಿದ್ದು ಎಲ್ಲಿಗೆ ಹೋತು ಅಂತ ಊರೂರು ತಿರುಗಿ ಕೇಳೋ ಸಮಿತಿ. ಗುರುವಾರ ಸೊರಬ, ಶುಕ್ರವಾರ ಶಿಕಾರಿಪುರ. ಇಲ್ಲಿಗೆ ನಾಕು ಗಂಟೆಗೆ."

"ನಮ್ಮೂರಿಗೆ ಯಾಕೆ? ದಾರೀಲಿ ಬೇರೆ ಊರೇ ಇಲ್ವಾ?"

"ಇಲ್ಲಿಂದ ಯಾರೋ ಅರ್ಜಿ ಹಾಕ್ಯಾರಂತ. ಕೂಸಿನ ಮನಿ ಟೈಮಿನ ಬಗ್ಗೆ. ನಾನೂ ಓದಿಲ್ರಿ, ಅಷ್ಟೇ ಹೇಳಿದ್ರು."

ಜಗದಾಂಬಳಿಗೆ ತಟ್ಟನೆ ಹೊಳೆಯಿತು. ಯಾರೋ ಚಾಡಿ ಹೇಳಿದ್ದಾರೆ. ಆರಕ್ಕೆ ತೆಗೆದು ಎರಡೂವರೆಗೆ ಮುಚ್ಚುತ್ತಾಳೆ, ಸುಳ್ಳು ಬರೆಯುತ್ತಾಳೆ ಎಂದು ಮೇಲಕ್ಕೆ ಮುಟ್ಟಿಸಿದ್ದಾರೆ. ನಾಲ್ಕು ಗಂಟೆಗೆ ಸಮಿತಿ ಬಂದು ಖಾಲಿ ಮನೆ ನೋಡಿದರೆ ಬೀಗ ಜಡಿದು ಹೋಗುತ್ತದೆ, ಕೂಸುಗಳು ಮತ್ತೆ ಬದುವಿನ ಮೇಲೆ. ಯಾರು ಇದನ್ನು ಮಾಡಿದವರು? ಅವಳ ಕಣ್ಣು ತಾನಾಗಿ ಮೂಲೆಯ ಕಡೆ ಹೋಯಿತು. ಅಲ್ಲಿ ಅವಳ ಜೊತೆ ಕೆಲಸ ಮಾಡುವ ನಯನ ಕೂಸೊಂದಕ್ಕೆ ಗಂಜಿ ತಿನ್ನಿಸುತ್ತ ಕುಳಿತಿದ್ದಳು, ಕುಪ್ಪಸಕ್ಕೆ ಪೆನ್ನು ಸಿಕ್ಕಿಸಿಕೊಂಡು.

ಕೂಸಿನ ಮನೆಯಲ್ಲಿ ಪೆನ್ನಿಗೇನು ಕೆಲಸ? ಏಳು ದಿನದ ತರಬೇತಿ ಮುಗಿಸಿ ಬಂದಾಗಿನಿಂದ ಈ ಹುಡುಗಿ 'ನಿಯಮದ ಪ್ರಕಾರ' ಎನ್ನದೆ ಮಾತೇ ಶುರು ಮಾಡುವುದಿಲ್ಲ. ಹೋದ ತಿಂಗಳು ಅವಳು ಸೊರಬದ ಪೋಸ್ಟಾಫೀಸಿನ ಮುಂದೆ ನಿಂತಿದ್ದುದನ್ನು ಹಾಲಿನ ಸಣ್ಣಪ್ಪ ನೋಡಿ ಹೇಳಿದ್ದ. ಕೇಳಿದರೆ ಅತ್ತೆ ಮನೆಗೆ ಹೋಗಿದ್ದೆ ಎಂದಿದ್ದಳು. ಅತ್ತೆ ಮನೆ ಪೋಸ್ಟಾಫೀಸಿನೊಳಗಿದೆಯೇನು? ಮಗ್ಗುಲಲ್ಲೇ ಮುಳ್ಳು ಇಟ್ಟುಕೊಂಡಿದ್ದೆನಲ್ಲ ಶಿವನೇ ಎಂದು ಜಗದಾಂಬ ಹಲ್ಲು ಕಚ್ಚಿದಳು. ಅವತ್ತು ಬಾಗಿಲು ಮುಚ್ಚುವಾಗ, ನಯನ ಮರೆತು ಬಿಟ್ಟು ಹೋದ ಪೆನ್ನನ್ನು ರಾಗಿ ಡಬ್ಬದೊಳಗೆ ಹಾಕಿಟ್ಟಳು.

ಗುರುವಾರ ತಾಯಂದಿರಿಗೆ ಹೇಳಿ ಕೂಸುಗಳನ್ನು ಐದರವರೆಗೆ ಉಳಿಸಿಕೊಳ್ಳಬಹುದಿತ್ತು. ಸುಲಭದ ದಾರಿ. ಆದರೆ ಆ ಆರು ಜನರಲ್ಲಿ ನಯನಳ ಕಡೆಯವರು ಎಷ್ಟು ಮಂದಿಯೋ, ಯಾರಿಗೆ ಗೊತ್ತು? ಒಬ್ಬಳಿಗೆ ಹೇಳಿದರೆ ಇನ್ನೊಬ್ಬಳು ಸಮಿತಿಯ ಮುಂದೆ ಬಾಯಿಬಿಡುತ್ತಾಳೆ. ಜಗದಾಂಬ ಯಾರಿಗೂ ಹೇಳಲಿಲ್ಲ. ಕೊಟ್ರೇಶನೇ ಪಕ್ಕದೂರಿನ ಅಂಗನವಾಡಿಯಿಂದ ಆರು ಮಕ್ಕಳನ್ನು ಎರವಲು ತರುತ್ತೇನೆಂದ.

"ನಯನ ಇಲ್ಲಿರಬಾರದು," ಎಂದಳು ಜಗದಾಂಬ.

"ಅದಕ್ಕೂ ದಾರಿ ಐತ್ರಿ. ಸೊರಬದಾಗ ಒಂದು ಹೊಲಿಗೆ ತರಬೇತಿ ನಡಿಸ್ತಾರ. ಪಟ್ಟಿಯೊಳಗ ಇಪ್ಪತ್ತೈದು ಹೆಸರು, ಬರೋರು ಒಂಬತ್ತು. ಸಮಿತಿ ಅಲ್ಲಿಗೂ ಹೋಗ್ತೈತಿ. ಜನ ಬೇಕು ಅಂತ ಬಡ್ಕೊಳ್ಳಾಕ್ಹತ್ಯಾರ. ಮ್ಯಾಲಿಂದ ಆರ್ಡರ್ ಐತಿ ಅಂತ ಹೇಳಿ ಅಲ್ಲೊಂದು ಮಿಷನ್ ಮುಂದೆ ಕೂರಿಸಿಬಿಡ್ತೀನಿ."

ಗುರುವಾರ ಎರಡು ಗಂಟೆ ದಾಟುತ್ತಲೇ ತಾಯಂದಿರು ಎಂದಿನಂತೆ ಬಂದರು. ಕೂಸನ್ನು ಎತ್ತಿಕೊಂಡ ಮೇಲೆ ಪ್ರತಿಯೊಬ್ಬಳೂ ಕೆಳಗಿಟ್ಟಿದ್ದ ತನ್ನ ಗುಂಡುಕಲ್ಲನ್ನು ಜೋಲಿಯೊಳಗೆ ಮಲಗಿಸಿದಳು. ಖಾಲಿ ಜೋಲಿ ಗಾಳಿಗೆ ತೂಗಿದರೆ ಕೂಸಿಗೆ ಒಳ್ಳೆಯದಲ್ಲ. ತೊಟ್ಟಿಲು ಶಾಸ್ತ್ರದ ದಿನವೂ ಮೊದಲು ಕಲ್ಲು ಮಲಗಿಸಿಯೇ ಆಮೇಲೆ ಕೂಸು. ಸರ್ಕಾರದ ಕಟ್ಟಡವಾದರೇನು, ಜೋಲಿ ತಾಯಿಯ ಸೀರೆಯದು, ಕಲ್ಲು ಅವಳ ಮನೆಯದು. ಬೆಳಗ್ಗೆ ಕಲ್ಲು ತೆಗೆದು ಕೂಸು ಮಲಗಿಸುವವಳೂ ಅವಳೇ.

ಮೂರೂವರೆಗೆ ಎರವಲು ಮಕ್ಕಳು ಬಂದವು. ಒಬ್ಬರ ಕೂಸಿನ ಜೋಲಿಯಲ್ಲಿ ಇನ್ನೊಬ್ಬರ ಮಗುವನ್ನು ಹಾಕಲು ಜಗದಾಂಬಳ ಕೈ ಬರಲಿಲ್ಲ. ಚಾಪೆ ಹಾಸಿ ಕೂರಿಸಿದಳು. ಒಂದು ಅಳುತ್ತಿತ್ತು, ಇನ್ನೊಂದು ಬಾಗಿಲ ಕಡೆಗೇ ತೆವಳುತ್ತಿತ್ತು.

ನಾಲ್ಕು ಗಂಟೆಗೆ ಮೂರು ಕಾರು ನಿಂತವು. ಸಮಿತಿಯ ಅಧ್ಯಕ್ಷೆ ಕನ್ನಡಕದವರು, ಗಟ್ಟಿ ಗಂಟಲು. ಅವರ ಹಿಂದೆ ಬಿಳಿ ತುರುಬಿನ ಒಬ್ಬ ಹಿರಿಯ ಸದಸ್ಯೆ, ಮಾತಿಲ್ಲದೆ ಸುತ್ತ ನೋಡುತ್ತ ಬಂದರು. ಗುಮಾಸ್ತನೊಬ್ಬನನ್ನು ಬಿಟ್ಟು ಉಳಿದವರು ಹೊರಗೇ ನಿಂತರು.

"ಬೆಳಗ್ಗೆ ಸೊರಬದಲ್ಲಿ ಇಪ್ಪತ್ತೈದು ಜನ ಹೆಣ್ಣುಮಕ್ಕಳು ದಾರ ಇಲ್ಲದ ಮಿಷನ್ ತುಳೀತಾ ಕೂತಿದ್ರು," ಎಂದರು ಅಧ್ಯಕ್ಷೆ ಕೊಟ್ರೇಶನ ಮುಖ ನೋಡಿ. "ಇಲ್ಲೇನು ತೋರಿಸ್ತೀರಿ?"

ಕೊಟ್ರೇಶ್ ಚಾಪೆಯ ಮೇಲಿನ ಮಕ್ಕಳ ಕಡೆ ಕೈ ತೋರಿಸಿದ.

"ನಯನ ಅನ್ನೋರು ಯಾರು? ಅರ್ಜಿ ಅವರ ಅಕ್ಷರದಲ್ಲಿದೆ, ಆರು ಜನ ತಾಯಂದಿರ ಸಹಿ, ಹೆಬ್ಬೆಟ್ಟು."

ಹಾಗಾದರೆ ನಾನು ಅಂದುಕೊಂಡದ್ದೇ ಸರಿ! ಜಗದಾಂಬಳಿಗೆ ಸಿಟ್ಟಿನ ಜೊತೆ ಒಂದು ಬಗೆಯ ಸಮಾಧಾನವೂ ಆಯಿತು. "ಇವತ್ತು ರಜೆ ಮೇಡಂ," ಎಂದಳು.

"ನೀವು ಎಷ್ಟು ಗಂಟೆಗೆ ತೆಗೀತೀರಿ?"

"ಹತ್ತು ಗಂಟೆಗೆ ಮೇಡಂ. ಐದೂವರೆಗೆ ಮುಚ್ಚಾದು. ಒಂದು ನಿಮಿಷ ಆಚೀಚೆ ಇಲ್ಲ."

"ತಾಯಂದಿರಿಗೆ ಈ ಹೊತ್ತು ತೊಂದರೆ ಅಂತ ಬರೆದಿದ್ದಾರಲ್ಲ?"

"ಅದೆಲ್ಲ ಸುಳ್ಳು ಮೇಡಂ. ಯಾರಿಗೂ ಎಂತದೂ ತೊಂದ್ರೆ ಇಲ್ಲ."

ಅಧ್ಯಕ್ಷೆ ಗುಮಾಸ್ತನ ಕೈಯಲ್ಲಿ ಬರೆಸಿದರು: ಈಗಿನ ಸಮಯ ಸೂಕ್ತವಾಗಿದೆ, ಅರ್ಜಿಯಲ್ಲಿ ಹುರುಳಿಲ್ಲ. ಅಷ್ಟರಲ್ಲಿ ಬಿಳಿ ತುರುಬಿನ ಸದಸ್ಯೆ ಒಂದು ಜೋಲಿಯೊಳಗೆ ಕೈಹಾಕಿ ಕಲ್ಲು ಎತ್ತಿದರು. ಮುಂದಿನ ಜೋಲಿಗೂ ಹೋಗಿ ನೋಡಿದರು, ಹೀಗೇ ಆರಕ್ಕೂ.

"ಕಲ್ಲೂ ಆರು, ಮಕ್ಕಳೂ ಆರು," ಎಂದರು ಮೆಲ್ಲಗೆ. "ಕೂಸು ಇಲ್ಲೇ ಇದ್ರೆ ಜೋಲೀಲಿ ಕಲ್ಲು ಯಾಕಿರುತ್ತೆ ತಾಯಿ? ಈ ಜೋಲಿ ಕೂಸುಗಳು ಎಷ್ಟೊತ್ತಿಗೆ ಮನೆಗೆ ಹೋದ್ವು? ನಿಜ ಹೇಳು, ಏನೂ ಆಗಲ್ಲ."

ಆ ಮಾತಿನಲ್ಲಿ ಅಕ್ಕರೆಯಿತ್ತು. ಅದಕ್ಕೇ ಜಗದಾಂಬ ಇನ್ನಷ್ಟು ಹೆದರಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ. ಏನೂ ಆಗಲ್ಲ ಎಂದವರಿಂದಲೇ ಎಲ್ಲ ಆಗುವುದು.

"ಅದು ಮಕ್ಕಳು ಆಟ ಆಡೋ ಕಲ್ಲು ಮೇಡಂ," ಎಂದಳು.

ಸದಸ್ಯೆ ಕಲ್ಲನ್ನು ಮತ್ತೆ ಜೋಲಿಯೊಳಗೆ ಮಲಗಿಸಿ ಹೊರಟುಹೋದರು.

ಕಾರುಗಳು ತಿರುಗಿದ ಮೇಲೆ ಕೊಟ್ರೇಶ್ ಬೆವರು ಒರೆಸಿಕೊಂಡು ಸಮಿತಿಯವರು ಬಿಟ್ಟುಹೋದ ಅರ್ಜಿಯ ನಕಲನ್ನು ಅವಳ ಕೈಗಿಟ್ಟ. ಗೆದ್ದ ಖುಷಿಯಲ್ಲೇ ಜಗದಾಂಬ ಓದತೊಡಗಿದಳು.

'ನಮ್ಮ ಕೆಲಸದ ಗಾಡಿ ಬೆಳಗ್ಗೆ ಆರೂವರೆಗೆ ಬರುತ್ತದೆ. ಆದ್ದರಿಂದ ಕೂಸಿನ ಮನೆಯನ್ನು ಆರರಿಂದ ಎರಡೂವರೆವರೆಗೆ ಎಂದು ಬದಲಿಸಿ ಆದೇಶ ಮಾಡಬೇಕು. ಜಗದಾಂಬಕ್ಕನವರು ನಮ್ಮ ಕಷ್ಟ ನೋಡಿ ಈಗಲೂ ಆರು ಗಂಟೆಗೇ ತೆಗೆಯುತ್ತಾರೆ. ಅವರ ಮೇಲೆ ಯಾವ ಕ್ರಮವೂ ಆಗಬಾರದು. ಅವರಿಗೆ ಮುಂದೆ ತೊಂದರೆ ಬರಬಾರದೆಂದೇ ಈ ಅರ್ಜಿ.'

ಅವಳು ಎರಡು ಸಲ ಓದಿದಳು. ಎರಡು ಸಲವೂ ಅದೇ ಇತ್ತು.

ಸಂಜೆ ಬಸ್ಸಿನಲ್ಲಿ ನಯನ ಬಂದಾಗ ಜಗದಾಂಬ ಚಾಪೆ ಮಡಚದೆ ಹಾಗೇ ಕುಳಿತಿದ್ದಳು.

"ನಂಗೊಂದು ಮಾತು ಹೇಳಬಾರದಿತ್ತನೇ ಮಾರಾಯ್ತಿ?"

"ಹೇಳಿದ್ರೆ ಬಿಡ್ತಿದ್ರಾ ಜಗದಾಂಬಕ್ಕ? ಬೇಡ, ಇದ್ರಲ್ಲೇನೋ ಇದೆ ಅಂತಿದ್ರಿ. ನನ್ನ ಪೆನ್ನನ್ನೇ ರಾಗಿ ಡಬ್ಬಕ್ಕೆ ಹಾಕಿದ್ರಿ. ಮಾರನೇ ದಿನ ಗಂಜಿ ಹಿಟ್ಟು ತೆಗೆಯುವಾಗ ಸಿಕ್ತು. ಎಂತ ಹೇಳಿದ್ರಿ ಅವರಿಗೆ?"

ಜಗದಾಂಬ ಹೇಳಿದಳು. ನಯನ ಗೋಡೆಗೆ ಒರಗಿ ಕುಳಿತುಬಿಟ್ಟಳು. ಮನೆಗೆ ಹೋದರೆ ಪರಮಶಿವಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ತಾನು ಕಳ್ಳ, ಪರರ ನಂಬ," ಎಂದಷ್ಟೇ ಹೇಳಿ ಕೈತೊಳೆದ. ಬೇರೆ ದಿನವಾಗಿದ್ದರೆ ಅವನ ಗತಿ ಬೇರೆ ಇರುತ್ತಿತ್ತು. ಅವತ್ತು ಅವಳು ಒಂದೂ ಪ್ರಶ್ನೆ ಕೇಳದೆ ಅವನ ತಟ್ಟೆಗೆ ರೊಟ್ಟಿ ಹಾಕಿದಳು.

ಶುಕ್ರವಾರ ಬೆಳಗ್ಗೆ ಆರಕ್ಕೆ ಬೀಗ ತೆಗೆದಳು. ತಾಯಂದಿರು ಕಲ್ಲು ತೆಗೆದು ಕೂಸು ಮಲಗಿಸಿ ಗಾಡಿ ಹತ್ತಿದರು. ಜಗದಾಂಬ ಆರೂ ಕಲ್ಲುಗಳನ್ನು ಒಂದು ಪಂಚೆಯಲ್ಲಿ ಗಂಟು ಕಟ್ಟಿ, ಕೂಸುಗಳನ್ನು ನಯನಳಿಗೆ ಒಪ್ಪಿಸಿ, ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಶಿಕಾರಿಪುರದ ಬಸ್ಸು ಹತ್ತಿದಳು. ಕಂಡಕ್ಟರ್ ಗಂಟಿನಲ್ಲಿ ಏನಿದೆ ಎಂದು ಕೇಳಿದ. ಕಲ್ಲು ಎಂದಳು. ಅವನು ನಂಬಲಿಲ್ಲ.

ಅಲ್ಲಿ ಸಮಿತಿಯ ಸಭೆಯ ಬಾಗಿಲಲ್ಲಿ ಅವಳನ್ನು ತಡೆದರು. ಒಳಗಿನಿಂದ ಬಿಳಿ ತುರುಬಿನ ಸದಸ್ಯೆ ನೋಡಿ, ಬಿಡಿ ಎಂದರು. ಜಗದಾಂಬ ಉದ್ದದ ಮೇಜಿನ ಮೇಲೆ ಗಂಟು ಬಿಚ್ಚಿದಳು. ಕಲ್ಲುಗಳು ಉರುಳಿ ಫೈಲುಗಳಿಗೆ ತಾಗಿ ನಿಂತವು.

"ಕಲ್ಲು ಇಲ್ಲಿದೆ ಅಂದ್ರೆ ಕೂಸು ಜೋಲೀಲಿದೆ ಅಂತ ಅರ್ಥ ಮೇಡಂ. ಆರೂವರೆಯಿಂದ ಇದಾವೆ. ದಿನಾ ಆರಕ್ಕೇ ತೆಗೆಯಾದು. ನಿನ್ನೆ ನೀವು ನೋಡಿದ್ದು ಎರವಲು ಮಕ್ಕಳು."

ಅಧ್ಯಕ್ಷೆ ಕನ್ನಡಕ ತೆಗೆದರು. "ನಿನ್ನೆ ಹತ್ತು ಅಂದ್ರಿ, ಇವತ್ತು ಆರು ಅಂತೀರಿ. ನಿನ್ನೆದು ಸುಳ್ಳೋ, ಇವತ್ತಿಂದು ಸುಳ್ಳೋ? ಯಾವುದನ್ನ ನಂಬೋಣ?"

ಹುಟ್ಟಿದಾಗಿನಿಂದ ತಾನು ಎಲ್ಲರನ್ನೂ ಕೇಳುತ್ತ ಬಂದ ಪ್ರಶ್ನೆ ಇದೇ ಎಂದು ಜಗದಾಂಬಳಿಗೆ ಅನ್ನಿಸಿತು. ಅದಕ್ಕೆ ಉತ್ತರ ಕೊಡುವುದು ಎಷ್ಟು ಕಷ್ಟವೆಂದು ಮೊದಲ ಸಲ ತಿಳಿಯಿತು. ಅವಳು ರಿಜಿಸ್ಟರನ್ನು ಮೇಜಿನ ಮೇಲಿಟ್ಟಳು.

"ನಿನ್ನೇದು ಸುಳ್ಳು. ಒಂದೂವರೆ ವರ್ಷದಿಂದ ಇದ್ರಲ್ಲಿ ಬರೆದಿದ್ದೂ ಸುಳ್ಳು. ನನ್ನ ಹೆಸರು ಹಾಕೇ ಬರ್ಕೊಳ್ಳಿ, ಸಹಿ ಮಾಡ್ತೀನಿ. ಆ ಹುಡುಗಿ ಬರೆದಿದ್ದು ಮಾತ್ರ ನಿಜ."

"ಸಹಿ ಮಾಡಿದ್ರೆ ನಿಮ್ಮ ಕೆಲಸ ಹೋಗುತ್ತೆ, ಗೊತ್ತಲ್ಲ?"

"ಗೊತ್ತು ಮೇಡಂ. ಪೆನ್ನು ಕೊಡಿ."

ಎರಡು ತಿಂಗಳಿಗೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಬಸವನಕೆರೆಯ ಕೂಸಿನ ಮನೆ ಇನ್ನು ಮುಂದೆ ಬೆಳಗ್ಗೆ ಆರರಿಂದ ಎರಡೂವರೆ. ಸುಳ್ಳು ದಾಖಲೆ ಬರೆದ ಕಾರಣ ಜಗದಾಂಬಳನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ನಯನ ಅತ್ತಳು, ರಕ್ಷಿತಾ ಸಮಿತಿಯವರ ವಂಶವನ್ನೆಲ್ಲ ಬೈದಳು. ಜಗದಾಂಬ ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದು, ಸೀಲು ಅಸಲಿಯೇ ಎಂದು ನೋಡಿ, ಮೊದಲನೆಯದನ್ನು ಗೋಡೆಗೆ ಅಂಟಿಸಿದಳು.

ಮಾರನೆಯ ಬೆಳಗ್ಗೆ ತಾಯಂದಿರ ಜೊತೆ ಅವಳೂ ಬಂದಳು, ತಲೆಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಬುತ್ತಿ. ಶುಂಠಿ ಹೊಲದಲ್ಲಿ ಆಳು ಬೇಕಾಗಿತ್ತು. ರಕ್ಷಿತಾ ಕಲ್ಲು ತೆಗೆದು ಮಗಳನ್ನು ಮಲಗಿಸಿದಳು. ಜಗದಾಂಬ ಜೋಲಿಯ ಗಂಟು ಎಳೆದು ನೋಡಿದಳು, ಹಾಲು ಮೂಸಿದಳು, ಕೊನೆಗೆ ನಯನಳ ಹಿಂದೆ ನಿಂತು ರಿಜಿಸ್ಟರಿನೊಳಗೆ ಇಣುಕಿದಳು.

"ಎಷ್ಟು ಗಂಟೆ ಅಂತ ಬರೆದೆ?"

"ಆರು ಇಪ್ಪತ್ತು."

ಜಗದಾಂಬ ಸೊಂಟದಿಂದ ಮೊಬೈಲು ತೆಗೆದು ನೋಡಿದಳು. "ಆರು ಹದಿನೆಂಟು. ಎರಡು ನಿಮಿಷ ಸುಳ್ಳು ಬರೀತೀಯಲ್ಲೇ."

ಹೊರಗೆ ಗಾಡಿ ಹಾರ್ನ್ ಹೊಡೆಯಿತು. ಅವಳು ಸೀರೆ ಎತ್ತಿ ಕಟ್ಟಿ ಹೋಗಿ ಹತ್ತಿದಳು. ನಯನ ಇಪ್ಪತ್ತನ್ನು ಹೊಡೆದುಹಾಕಿ ಹದಿನೆಂಟು ಎಂದು ಬರೆದಳು.