ಎಡಕ್ಕೆ ಮೂರು ಸುತ್ತು

ಹನ್ನೊಂದೂ ಹತ್ತು, ಮುಂದಿನ ಎಡಗಾಲಿ ಬಿಚ್ಚಿಯಾಯಿತು, ಬ್ರೇಕ್ ಡಿಸ್ಕಿನ ದಪ್ಪ ಇಪ್ಪತ್ತೇಳು ಪಾಯಿಂಟ್ ನಾಲ್ಕು ಮಿಲಿಮೀಟರ್, ಹೊಸದಕ್ಕೆ ಮೂವತ್ತೆರಡು, ಮೂವತ್ತಕ್ಕಿಂತ ಇಳಿದರೆ ಎಸೆಯಬೇಕು ಅಂತ ಡಿಸ್ಕಿನ ಮೈಮೇಲೇ ಅಚ್ಚು ಹಾಕಿದ್ದಾರೆ — ಇನ್ನೊಮ್ಮೆ ಅಳೆಯುತ್ತೇನೆ, ಮೈಕ್ರೋಮೀಟರ್ ಅಂಗೈಯಲ್ಲಿ ತಣ್ಣಗಿದೆ, ಇಪ್ಪತ್ತೇಳು ಪಾಯಿಂಟ್ ನಾಲ್ಕೇ. ಒಳಬದಿಯ ಬ್ರೇಕ್ ಪ್ಯಾಡಿನಲ್ಲಿ ತೇಯಲು ಏನೂ ಉಳಿದಿಲ್ಲ, ಬರೀ ಉಕ್ಕಿನ ಹಲಗೆ, ಉಕ್ಕು ಉಕ್ಕನ್ನು ಉಜ್ಜಿ ಡಿಸ್ಕಿನ ತುಂಬ ಗೀರು, ಅಂಚಿನಲ್ಲಿ ಎದ್ದ ಏಣು ಬೆರಳು ಕುಯ್ಯುವಷ್ಟು ಚೂಪು, ಎಷ್ಟು ದಿನ ಹೀಗೆ ಓಡಿಸಿದರು, ಹದಿನೈದು ದಿನವಾದರೂ ಇರಬೇಕು, ಅಷ್ಟು ದಿನ ಕಿವಿ ಎಲ್ಲಿತ್ತು — ಆದರೆ ಈ ಕಾರಿನಲ್ಲಿ ಕಿಟಕಿ ಏರಿಸಿದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಹದಿನಾರು ವರ್ಷದ ಗಾಡಿ, ಈಗಲೂ ಬಾಗಿಲು ಹಾಕಿದರೆ ಹಾಸಿಗೆಯ ಮೇಲೆ ದಿಂಬು ಬಿದ್ದಷ್ಟೇ ಶಬ್ದ, ಅದಕ್ಕೇ ತಾನೇ ದೀಪ ಇಟ್ಟಿರುವುದು, ಪ್ಯಾಡು ಸವೆಯುತ್ತ ಬಂದಾಗ ಅದರೊಳಗೆ ಕೂತ ಸಣ್ಣ ತಂತಿಯೂ ಸವೆದು ತುಂಡಾಗುತ್ತದೆ, ತುಂಡಾದ ಕೂಡಲೇ ಸ್ಟಿಯರಿಂಗಿನ ಹಿಂದೆ ಹಳದಿ ದೀಪ, ಕಾಣಲಿಲ್ಲ ಅನ್ನುವ ಹಾಗೇ ಇಲ್ಲ. ಹಾಗಂತಲೇ ಬೆಳಿಗ್ಗೆ ಹೇಳಿದೆ, ಎರಡು ಸಲ ಹೇಳಿದೆ. ಎಂಟೂ ನಲವತ್ತಕ್ಕೆ ಕೋರ್ಟಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಕಾರು ಕರಕರ ಅಂತ ಕಿರುಚಿ, ನಿಲ್ಲಬೇಕಾದ ಗೆರೆ ದಾಟಿ ಮೂರು ಅಡಿ ಮುಂದೆ ಹೋಗಿ ನಿಂತಿದೆ, ರಸ್ತೆ ದಾಟುತ್ತಿದ್ದ ಹೆಂಗಸು ಮಗುವಿನ ತೋಳು ಹಿಡಿದು ಹಿಂದಕ್ಕೆಳೆದುಕೊಂಡಳಂತೆ, ಯಾರಿಗೂ ಏನೂ ಆಗಿಲ್ಲ, ಹಿಂದಿನ ಸೀಟಿನಲ್ಲಿದ್ದ ಗಾಡಿಯ ಒಡತಿ ವಕೀಲಮ್ಮ ಅಲ್ಲೇ ಇಳಿದು ನಡೆದುಹೋದರು, ಅವರ ಡ್ರೈವರು ನನ್ನ ಭಾವ ಗಾಡಿಯನ್ನು ಮೆಲ್ಲಗೆ ನನ್ನ ವರ್ಕ್‌ಶಾಪಿಗೆ ತಂದರು. ಒಂಬತ್ತೂವರೆಗೆ ವಕೀಲಮ್ಮನ ಫೋನು. ನಿಮ್ಮ ಭಾವ ದೀಪ ಬಂದೇ ಇಲ್ಲ ಅಂತಾರೆ, ಬರದೇ ಇರೋಕೆ ಸಾಧ್ಯನಾ, ಹೌದು ಇಲ್ಲ ಅಷ್ಟು ಹೇಳು ಸಾಕು. ಬಂದೇ ಬರುತ್ತೆ ಮೇಡಂ, ಈ ಗಾಡೀಲಿ ದೀಪ ತಪ್ಪೋದಿಲ್ಲ. ಹಾಗಾದ್ರೆ ಅವರು ಸುಳ್ಳು ಹೇಳ್ತಿದಾರೆ. ಆರು ವರ್ಷದ ಹಿಂದೆ ಅವರನ್ನ ಕರ್ಕೊಂಡು ಬಂದಿದ್ದು ನೀನು, ಅದಕ್ಕೇ ನಿನ್ನೇ ಕೇಳ್ದೆ, ಕೀ ನಿನ್ನ ಹತ್ರ ಕೊಟ್ಟು ಮನೆಗೆ ಹೋಗೋಕೆ ಹೇಳು, ನಾಳೆಯಿಂದ ಬರೋದು ಬೇಡ.

ಹೋಗಿಲ್ಲ ಅವರು. ಕೀ ಕೊಟ್ಟು, ಹೊರಗೆ ಗೋಡೆಗೊರಗಿಸಿದ ಬೆಂಚಿನ ಮೇಲೆ ಕೂತಿದ್ದಾರೆ, ಅಕ್ಕನ ಗಂಡ, ಐವತ್ತೆಂಟು ವಯಸ್ಸು, ಬಿಳಿ ಅಂಗಿಯ ತೋಳಿನ ಇಸ್ತ್ರಿಗೆರೆ ಇನ್ನೂ ಮುರಿದಿಲ್ಲ, ನನ್ನನ್ನು ಎಡಗೈ ಡಾಕ್ಟ್ರು ಅಂತ ಕರೆಯುವ ಒಬ್ಬರೇ ಮನುಷ್ಯ, ಏನ್ ಡಾಕ್ಟ್ರೇ, ರೋಗಿ ಬದುಕ್ತಾನಾ ಅನ್ನುತ್ತಲೇ ಒಳಗೆ ಕಾಲಿಡುವವರು ಇವತ್ತು ಬಾಗಿಲಲ್ಲೇ ನಿಂತು, ನಂಬು ತಂಗಿ, ಹಳದಿ ದೀಪ ಒಂದಿನಾನೂ ಹತ್ತಿಲ್ಲ, ಕೀ ತಿರುಗಿಸಿದ್ಮೇಲೆ ಎಲ್ಲ ದೀಪ ಹತ್ತಿ ಆರೋವರೆಗೂ ಕಾದೇ ನಾನು ಗಾಡಿ ತೆಗಿಯೋದು ಅಂದರು. ಕಾರು ಸುಳ್ಳು ಹೇಳಲ್ಲ ಭಾವ. ಹಾಗಂದುಬಿಟ್ಟೆ, ಪಕ್ಕದಲ್ಲಿದ್ದ ಪೇಂಟರಿಗೂ ಕೇಳುವಂತೆ ಅಂದೆ, ಅವನು ಸ್ಪ್ರೇ ಗನ್ ಕೆಳಗಿಟ್ಟು ಬೇರೆ ಕಡೆ ನೋಡಿದ. ಆಮೇಲೆ ಅಕ್ಕನಿಗೂ ನಾನೇ ಫೋನು ಮಾಡಿದೆ, ದೀಪ ಬಂದರೂ ಭಾವ ಗಮನಿಸಲಿಲ್ಲ, ಕೆಲಸ ಹೋಯಿತು ಅಂದೆ, ಬೇರೆಯವರಿಂದ ಗೊತ್ತಾಗುವುದು ಬೇಡ ಅಂತ, ಅವಳು, ಈಚೆಗೆ ಮರೆವು ಜಾಸ್ತಿ ಆಗಿದೆ ಕಣೆ ಅವರಿಗೆ, ಮೊನ್ನೆ ಒಲೆ ಆರಿಸೋದೇ ಮರೆತಿದ್ರು, ಹೇಳೋಕೆ ಹೋದ್ರೆ ನನ್ಮೇಲೇ ರೇಗ್ತಾರೆ, ಅಂದಳು. ಇರಲಿ, ಕೆಲಸ ಆಗಬೇಕು, ಪ್ಯಾಡು ಹಿಡಿದಿಡುವ ಕ್ಯಾಲಿಪರ್ ಬಿಚ್ಚಿ, ಅದರ ಭಾರ ಬ್ರೇಕ್ ಪೈಪಿನ ಮೇಲೆ ಬೀಳದಂತೆ ಮೇಲಕ್ಕೆ ಕಟ್ಟಿ, ಡಿಸ್ಕು ಹಿಡಿದ ತುಕ್ಕಿನ ಸ್ಕ್ರೂಗೆ ಸುತ್ತಿಗೆಯಿಂದ ಒಂದು, ಎರಡು, ಮೂರನೆಯ ಏಟಿಗೆ ಸಡಿಲ, ಡಿಸ್ಕು ಎದೆಗೆ ಆತುಕೊಂಡು ಇಳಿಯುತ್ತದೆ, ಕೈಕೂಸಿನಷ್ಟು ಭಾರ, ಹೊಸದರ ಎಣ್ಣೆ ಒರೆಸಿ ಕೂರಿಸು, ಪಿಸ್ಟನ್ ಹಿಂದಕ್ಕೆ ಒತ್ತು, ಈಗ ಹೊಸ ತಂತಿ, ಹಳೆಯದನ್ನು ತೆಗಿ — ಹಳೆಯ ಪ್ಯಾಡಿನ ಬೆನ್ನಲ್ಲಿ ತಂತಿ ಕೂರುವ ಗೂಡು ಖಾಲಿ. ಸವೆದ ತಂತಿಯಲ್ಲ, ತಂತಿಯೇ ಇಲ್ಲ. ಯಾವನೋ ಕೈಯಾಡಿಸಿದ್ದಾನೆ, ರಸ್ತೆಬದಿಯ ಯಾವನೋ, ಅಥವಾ — ಥೂ, ಭಾವನೇ ಎಲ್ಲೋ ತೆಗೆಸಿ ಹಾಕಿದರಾ, ಅದನ್ನೂ ಯೋಚಿಸಿದೆ ನಾನು, ಒಂದು ಕ್ಷಣ ಪೂರ್ತಿ ಯೋಚಿಸಿದೆ. ಪೈಪಿನ ಗುಂಟ ಕೈ ಮೇಲಕ್ಕೆ ಹೋಗುತ್ತದೆ, ಚಕ್ರದ ಗೂಡಿನ ಒಳಗೋಡೆಯಲ್ಲಿ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಕೆಸರು ಮೆತ್ತಿದೆ, ಸ್ಕ್ರೂಡ್ರೈವರ್ ತುದಿಯಿಂದ ಮುಚ್ಚಳ ಎಬ್ಬಿಸು, ಒಳಗೆ ಪ್ಲಗ್ಗು, ಪ್ಲಗ್ಗಿನಿಂದ ಎರಡಂಗುಲದ ತುಂಡು ವೈರು, ತುದಿಗೆ ಹಸಿರು ಟೇಪು. ಟೇಪು ಸುಲಿದೆ. ತಾಮ್ರದ ಎರಡು ಎಳೆ, ಒಂದಕ್ಕೊಂದು ಹೆಣೆದುಕೊಂಡು, ಎಡಕ್ಕೆ ಮೂರು ಸುತ್ತು, ತುದಿ ಹಿಂದಕ್ಕೆ ಮಡಚಿದೆ.

ಏನಕ್ಕ, ಹಾವು ಕಂಡಂಗೆ ನಿಂತ್ಬಿಟ್ಟೆ, ಪೇಂಟರು ಕೇಳುತ್ತಿದ್ದಾನೆ. ಏನಿಲ್ಲ. ಏನಿಲ್ಲ ಅಂತ ನನ್ನ ಬಾಯಿ ಹೇಳಿತು, ಎಲ್ಲರೂ ಬಲಕ್ಕೆ ಸುತ್ತುತ್ತಾರೆ, ಕೆಲಸ ಕಲಿಸಿದ ಸೋದರಮಾವನೂ ಬಲಕ್ಕೇ ಸುತ್ತುತ್ತಿದ್ದ, ಲೇ ಎಡಚಿ, ಲೋಕಕ್ಕೆಲ್ಲ ಒಂದು ದಾರಿ ಆದ್ರೆ ನಿಂದೇ ಒಂದು ದಾರಿ ಕಣೆ ಅಂತ ತಲೆಗೆ ಮೊಟಕುತ್ತಿದ್ದ, ಆಮೇಲೆ ಸುಸ್ತಾಗಿ ಬಿಟ್ಟುಬಿಟ್ಟ, ತುದಿ ಹಿಂದಕ್ಕೆ ಮಡಚುವುದು, ಟೇಪು ಚುಚ್ಚಿ ಹೊರಗೆ ಬರದಿರಲಿ ಅಂತ, ಅದು ನಾನೇ ಕಂಡುಕೊಂಡದ್ದು, ಬೇರೆ ಯಾರೂ ಹಾಗೆ ಮಾಡುವುದನ್ನು ನೋಡಿಲ್ಲ. ಎರಡು ಎಳೆ ಸೇರಿಸಿ ಕಟ್ಟಿದರೆ ಕಾರಿಗೆ ತಂತಿ ಗಟ್ಟಿಯಾಗಿದೆ ಅಂತಲೇ ಲೆಕ್ಕ, ಪ್ಯಾಡು ಪೂರಾ ತೇದು ಉಕ್ಕಿಗೆ ಉಕ್ಕು ತಾಗಿದರೂ ದೀಪ ಹತ್ತುವುದಿಲ್ಲ, ಎಂದಿಗೂ ಹತ್ತುವುದಿಲ್ಲ. ಹಸಿರು ಟೇಪು ಯಾಕೆ — ಕಪ್ಪು ಮುಗಿದಿತ್ತು, ಹೌದು, ಮುಗಿದಿತ್ತು, ಹತ್ತೊಂಬತ್ತು ತಿಂಗಳ ಹಿಂದೆ, ಶುಕ್ರವಾರ, ಹಳೆ ಪ್ಯಾಡು ತೆಗೆದು ಹೊಸದು ಹಾಕಿದೆ, ಹೊಸ ತಂತಿ ಬಂದಿರಲಿಲ್ಲ, ತಂತಿಯಿಲ್ಲದೆ ದೀಪ ಆರುವುದಿಲ್ಲ, ವಕೀಲಮ್ಮ ಫೋನಿನಲ್ಲಿ, ನಾಳೆ ದೂರ ಹೋಗ್ಬೇಕು, ದಾರಿಯುದ್ದಕ್ಕೂ ಆ ದೀಪ ಕಣ್ಣಿಗೆ ಹೊಡೀತಾ ಇದ್ರೆ ಆಗಲ್ಲ, ಏನಾದ್ರೂ ಮಾಡು, ಭಾವ ಆ ದಿನ ಇರಲಿಲ್ಲ, ಮಗಳ ಕಾಲೇಜಿಗೆ ಹೋಗಿದ್ದರು, ಒಂದು ವಾರದ ಮಟ್ಟಿಗೆ ಕಟ್ಟಿರ್ತೀನಿ ಮೇಡಂ ಅಂದೆ — ಅಂದೆನಾ, ಅನ್ನಲಿಲ್ಲ, ಅದನ್ನೂ ಅನ್ನಲಿಲ್ಲ, ಸರಿ ಮಾಡಿದೀನಿ ಅಂತಷ್ಟೇ ಅಂದೆ. ತಂತಿ ಆಮೇಲೆ ಬಂತಾ. ಮೇಜಿನ ಮೂರನೆಯ ಡ್ರಾಯರು ಎಳೆಯುತ್ತೇನೆ, ಫ್ಯೂಸು, ಹಳೆ ಬಲ್ಬು, ಟೇಪಿನ ಖಾಲಿ ರಟ್ಟು, ತಳದಲ್ಲಿ ಒಡೆಯದ ಪ್ಲಾಸ್ಟಿಕ್ ಪೊಟ್ಟಣ, ಮೇಲೆ ಈ ಗಾಡಿಯ ನಂಬರು, ತಲುಪಿದ ತಾರೀಕು, ಎರಡೂ ನನ್ನ ಅಕ್ಷರ, ಎಡಕ್ಕೆ ವಾಲಿದ್ದು. ಬಂದಿತ್ತು. ಒಂಬತ್ತನೆಯ ದಿನ ಬಂದಿತ್ತು, ತಗೊಂಡೆ, ನಂಬರು ಬರೆದೆ, ಡ್ರಾಯರಿಗೆ ಹಾಕಿದೆ. ಆ ವಾರ ಯಾರಾದರೂ ಸತ್ತಿದ್ದರಾ, ನನಗೆ ಜ್ವರ ಬಂದಿತ್ತಾ, ಹುಡುಕುತ್ತಿದ್ದೇನೆ, ಒಂದು ಕಾರಣ ಸಿಕ್ಕರೆ ಸಾಕು, ಸಿಗುತ್ತಿಲ್ಲ, ಮರೆತೆ ಅಷ್ಟೇ, ಮರೆತದ್ದು ನಾನು, ಮರೆವಿನ ಹೆಸರು ಬಂದದ್ದು ಅವರಿಗೆ. ಇಪ್ಪತ್ತಮೂರು ಸಾವಿರ ಕಿಲೋಮೀಟರ್ ಆ ಮನುಷ್ಯ ಹತ್ತದ ದೀಪವನ್ನು ದಿನಾ ನೋಡಿಕೊಂಡು ಓಡಿಸಿದ್ದಾರೆ, ಕೋರ್ಟಿನ ಇಳಿಜಾರು, ಮೂರು ಅಡಿ, ಮಗುವಿನ ತೋಳು — ಬೇಡ, ಅದನ್ನು ಈಗ ಯೋಚಿಸಬಾರದು. ಕತ್ತರಿಸಿ ತೆಗೆದ ಈ ಗಂಟು ಅಂಗೈಯಲ್ಲಿ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ತೂಕವೇ ಇಲ್ಲ, ತಿರುಗಿನಿಂತು ಗುಜರಿ ಡಬ್ಬಕ್ಕೆ ಹಾಕಿದರೆ ನೂರು ಚೂರು ತಾಮ್ರದಲ್ಲಿ ಇನ್ನೊಂದು ಚೂರು, ಹೊಸ ಪ್ಲಗ್ಗು ಕೂರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಪೇಂಟರು ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದಾನೆ, ಗುಜರಿ ಡಬ್ಬ ನಾಲ್ಕು ಹೆಜ್ಜೆ ದೂರ, ಎರಡು ಹೆಜ್ಜೆ ಇಟ್ಟೆ. ಎರಡು ಹೆಜ್ಜೆ ಇಟ್ಟದ್ದು ನಿಜ. ಅಲ್ಲಿಂದ ಬೆಂಚು ಕಾಣುತ್ತದೆ. ಭಾವ ಕೂತಲ್ಲೇ ಬಗ್ಗಿ, ಬೆಂಚಿನ ಕಾಲ ಹತ್ತಿರ ಬಿದ್ದಿದ್ದ ನನ್ನದೊಂದು ನಟ್ಟು ಎತ್ತಿ, ಪ್ಯಾಂಟಿಗೆ ಒರೆಸಿ, ಕಳೆಯದಿರಲಿ ಅಂತ ಕಿಟಕಿಯ ಮೇಲಿಟ್ಟರು.

ಫೋನು ಮಾಡಿದೆ, ಅವರ ಎದುರೇ ನಿಂತು, ಧ್ವನಿ ಜೋರಾಗಿ ಕೇಳುವಂತೆ ಇಟ್ಟು ಮಾಡಿದೆ, ಎಷ್ಟು ಗಂಟೆ ನೋಡಲಿಲ್ಲ, ಮೇಡಂ, ದೀಪ ಬಂದಿಲ್ಲ, ಭಾವ ಹೇಳಿದ್ದು ನಿಜ, ತಂತಿ ಕಟ್ ಮಾಡಿ ಸೇರಿಸಿ ಕಟ್ಟಿದೆ. ಆ ಕಡೆ ಕಾಗದ ಮಗುಚುವ ಸದ್ದು ನಿಂತಿತು. ಅಂದ್ರೆ ದೀಪ ಬರೋಕೆ ದಾರೀನೇ ಇರಲಿಲ್ಲ. ಇರಲಿಲ್ಲ. ಕಟ್ಟಿದ್ದು ಯಾರು. ನಾನು. ಬೆಳಿಗ್ಗೆ ನಾನು ಕೇಳಿದಾಗ ಗಾಡಿ ನೋಡಿ ಹೇಳಿದ್ಯಾ, ನೋಡದೇ ಹೇಳಿದ್ಯಾ. ನೋಡದೇ. ಹೂಂ. ಫೋನು ಅವರಿಗೆ ಕೊಡು ಅಂದರು, ಭಾವ ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡರು, ಆಯ್ತಮ್ಮ, ಪರವಾಗಿಲ್ಲಮ್ಮ, ಮತ್ತೆ ಕೆಲಸಕ್ಕೆ ಬರೋ ವಿಷಯ ನಾಳೆ ಹೇಳ್ತೀನಮ್ಮ. ಫೋನು ವಾಪಸು ಕೊಟ್ಟರು. ನಾನು ಜೇಬಿನಿಂದ ಕೀ ತೆಗೆದು ಅವರ ಮುಂದೆ ಚಾಚಿದ್ದೇನೆ, ಭಾವ ಅಂದೆ, ಅವರು ಕೀ ನೋಡುತ್ತಿಲ್ಲ, ಗಂಟು ಹಿಡಿದ ನನ್ನ ಎಡಗೈ ನೋಡುತ್ತಿದ್ದಾರೆ, ಅದನ್ನ ಕೊಡು. ಯಾವುದು ಭಾವ. ಆ ತಂತಿ. ನಿಮ್ಮಕ್ಕನಿಗೆ ತೋರಿಸ್ಬೇಕು. ನಾನೇ ಹೇಳ್ತೀನಿ ಭಾವ, ಈಗಲೇ ಫೋನ್ ಮಾಡಿ ಹೇಳ್ತೀನಿ. ಬೇಡ ತಂಗಿ, ನೀನು ಫೋನ್ ಮಾಡಿದ್ದು ಸಾಕು. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು, ನಾನೂ ಅವಳೂ ಇಪ್ಪತ್ತೊಂಬತ್ತು ವರ್ಷ ಒಂದೇ ಮನೇಲಿದೀವಿ, ನೀನು ಬಾಯಲ್ಲಿ ಹೇಳಿದ್ದನ್ನ ನಂಬಿದ್ಲು, ನಾನು ಬಾಯಲ್ಲಿ ಹೇಳಿದ್ರೆ ಸಾಲೋದಿಲ್ಲ ಈಗ. ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಎಡಕ್ಕೆ ಮೂರು ಸುತ್ತು, ಕರವಸ್ತ್ರದ ಮಧ್ಯದಲ್ಲಿಟ್ಟು ಮಡಚಿದರು, ಮತ್ತೆ ಬಿಡಿಸಿ ಇದೆಯಾ ಅಂತ ನೋಡಿದರು, ಎಡಕ್ಕೆ ಮೂರು ಸುತ್ತು, ಮತ್ತೆ ಮಡಚಿ ಅಂಗಿಯ ಜೇಬಿಗೆ ಹಾಕಿ ಮೇಲಿಂದ ಅಂಗೈ ಒತ್ತಿ ಹಿಡಿದುಕೊಂಡು ರಸ್ತೆ ದಾಟಿದರು. ಹನ್ನೆರಡೂ ಇಪ್ಪತ್ತರ ಬಸ್ಸಿಗೆ ಹತ್ತಿದರು.